ಸೈಕಲ್ ಬೆಲ್ಲಿಗೆ ಹಾಳಾಗುತ್ತಿದ್ದ ಫ್ಲಾಪಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕುಮಟಾದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಕಾಲೇಜಿಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಅದರ ಕೋಣೆಯ ಚಾವಿ ಯಾರ ಕೈಗೆ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಆಸೆಪಟ್ಟವರು ಇಬ್ಬರು: ನಾನು, ಮತ್ತು ತದಡಿಯಿಂದ ಬರುತ್ತಿದ್ದ ಗಣಿತದ ಅಧ್ಯಾಪಕ.

ಆತನನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಕಂಪ್ಯೂಟರಿನ ಬಗ್ಗೆ ಕಷ್ಟಪಟ್ಟು ಪುಸ್ತಕದಿಂದ ಕಲಿತದ್ದನ್ನು ಆತ ಮುಂಬಯಿಯ ಯಾವುದೋ ತರಬೇತಿಯಲ್ಲಿ ಬೆರಳಿಗೆ ಹತ್ತಿಸಿಕೊಂಡು ಬಂದಿದ್ದ. ಕೆಳಗೆ ನೋಡದೆ ಟೈಪ್ ಮಾಡುತ್ತಿದ್ದ. ಹುಡುಗರು ಸುತ್ತ ನಿಂತು ನೋಡುತ್ತಿದ್ದರು. ಪ್ರಿನ್ಸಿಪಾಲರು ಅದನ್ನು ‘ಕೈಗುಣ’ ಎನ್ನುತ್ತಿದ್ದರು. ನನಗೆ ಕೈಗುಣದಲ್ಲಿ ನಂಬಿಕೆಯಿರಲಿಲ್ಲ, ಆದರೂ ಆ ಮಾತು ಚುಚ್ಚುತ್ತಿತ್ತು.

ಮಿರ್ಜಾನದ ಬಳಿ ಹೊಳೆಯ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆದು, ಆ ಅಂಕಿಗಳನ್ನು ನಾನು ಒಂದು ಫ್ಲಾಪಿ ಡಿಸ್ಕಿನಲ್ಲಿ ತುಂಬಿಸುತ್ತಿದ್ದೆ. ಮಳೆಗಾಲದಲ್ಲಿ ಅದು ಕೆಡಲು ಶುರುವಾಯಿತು. ಜೂನ್ ತಿಂಗಳ ಕಡತ ತೆರೆದರೆ ನಡುವೆ ಜನವರಿಯ ಅಂಕಿಗಳು. ಅರ್ಧ ಖಾಲಿಯಿದ್ದ ಡಿಸ್ಕ್ ‘ಜಾಗವಿಲ್ಲ’ ಎನ್ನುತ್ತಿತ್ತು. ಹೇಗೋ ಜಾಗ ಕೊಟ್ಟರೂ ಹೊಸದನ್ನು ಹಳೆಯದರ ಮೇಲೆಯೇ ಬರೆದುಬಿಡುತ್ತಿತ್ತು.

“ಎಂತ ಮಾಸ್ತರ್ರೆ, ಮತ್ತೆ ಹಾಳಾತಾ?” ಎಂದ ಆತ, ಹುಡುಗರ ಎದುರಿಗೇ. “ಹೊಳೆ ಉಪ್ಪು ಅಳದು ಅಳದು ಡಿಸ್ಕಿಗೂ ಒಂದ್ ಚಿಟಿಕೆ ಹಾಕದ್ರಿ ಕಾಣ್ತದೆ.”

ಹುಡುಗರು ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. “ಕಡಲ ಗಾಳಿಗೆ ಡಿಸ್ಕ್ ಕೆಡ್ತದೆ, ಒಪ್ದೆ. ಆದ್ರೆ ತಮ್ಮ ಡಿಸ್ಕೇ ಉಳಿಸ್ಕಳ್ಳದವ್ರಿಗೆ ಚಾವಿ ಹ್ಯಾಂಗೆ ಕೊಡೂದು? ಈ ತಿಂಗಳೊಳಗೆ ಕಾರಣ ಹುಡ್ಕಿ. ಇಲ್ಲಾಂದ್ರೆ ಚಾವಿ ಅವ್ರಿಗೇ.”

ಕಡಲ ಗಾಳಿಯ ಮಾತನ್ನು ಎಲ್ಲರೂ ನಂಬಿದ್ದರು. ನಾನು ನಂಬಲಿಲ್ಲ. ತೇವ ಹಿಡಿಯದಿರಲೆಂದು ನಮ್ಮಿಬ್ಬರ ಫ್ಲಾಪಿಗಳನ್ನೂ ಇದ್ದಿಲು ಹಾಕಿದ ಒಂದೇ ಹಪ್ಪಳದ ಡಬ್ಬಿಯಲ್ಲಿ ಇಡುತ್ತಿದ್ದೆವು. ಅದೇ ಗಾಳಿ, ಅದೇ ಡಬ್ಬಿ, ಅದೇ ಯಂತ್ರ. ಹಾಗಿದ್ದರೆ ಆತನದು ಯಾಕೆ ಹಾಳಾಗುವುದಿಲ್ಲ? ಹೊಟ್ಟೆಕಿಚ್ಚಿಲ್ಲದವನಿಗೆ ಈ ಪ್ರಶ್ನೆ ಹೊಳೆಯುತ್ತಲೇ ಇರಲಿಲ್ಲ.

ಫ್ಲಾಪಿಯ ಮೊದಲಲ್ಲಿ ಒಂದು ನಕ್ಷೆ ಇರುತ್ತದೆ. ಯಾವ ತುಂಡು ಖಾಲಿ, ಯಾವುದು ತುಂಬಿದೆ, ಒಂದು ಕಡತದಲ್ಲಿ ಈ ತುಂಡಿನ ನಂತರ ಯಾವ ತುಂಡು ಎಂಬುದೆಲ್ಲ ಅದರಲ್ಲೇ. ನಾನು ಆ ನಕ್ಷೆಯನ್ನು ಅಂಕಿಅಂಕಿಯಾಗಿ ಪರದೆಗೆ ತಂದು ಓದಿದೆ. ಉಪ್ಪು ತಿಂದದ್ದಾಗಿದ್ದರೆ ಅಲ್ಲಲ್ಲಿ ತೂತು ಬೀಳಬೇಕಿತ್ತು. ಇದು ಅಚ್ಚುಕಟ್ಟಾಗಿತ್ತು, ನನ್ನ ಡಿಸ್ಕಿನದಾಗಿರಲಿಲ್ಲ ಅಷ್ಟೇ. ಡಬ್ಬಿಯಿಂದ ಆತನ ಫ್ಲಾಪಿ ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಎರಡೂ ನಕ್ಷೆ ಒಂದೇ.

ಬೇಕೆಂದೇ ಮಾಡಿದ್ದಾನೆ ಎಂದು ಆ ಮಧ್ಯಾಹ್ನವಿಡೀ ಸಂತೋಷಪಟ್ಟೆ. ಆಮೇಲೆ ಇನ್ನೊಂದು ನೆನಪಾಯಿತು. ನಾನು ಕೋಣೆಗೆ ಹೋದಾಗ ಆತ ಎದ್ದು ಕುರ್ಚಿ ಬಿಡುತ್ತಿದ್ದ. ಪರದೆಯ ಮೇಲೆ ಆತನ ಪ್ರೋಗ್ರಾಂ ತೆರೆದೇ ಇರುತ್ತಿತ್ತು, ಡ್ರೈವ್ ಮಾತ್ರ ಖಾಲಿ. ನಾನು ನನ್ನ ಫ್ಲಾಪಿ ತೂರಿಸಿ ಆ ಪ್ರೋಗ್ರಾಂ ಮುಚ್ಚುತ್ತಿದ್ದೆ. ಡಿಸ್ಕ್ ಬದಲಾದದ್ದು ಯಂತ್ರಕ್ಕೆ ತಿಳಿಯದು. ಅದು ನೆನಪಿನಲ್ಲಿಟ್ಟುಕೊಂಡಿದ್ದ ಆತನ ನಕ್ಷೆಯನ್ನು ನನ್ನ ಡಿಸ್ಕಿನ ಮೇಲೆ ಬರೆದು ಕೆಲಸ ಮುಗಿಸುತ್ತಿತ್ತು.

ಆದರೆ ಅಷ್ಟು ಅವಸರದಲ್ಲಿ ಫ್ಲಾಪಿ ಕಿತ್ತುಕೊಳ್ಳುವುದೇಕೆ? ದಿನವೂ ಬೆಲ್ಲು ಬಾರಿಸುತ್ತ ಕೋಣೆಯ ಬಾಗಿಲವರೆಗೂ ಸೈಕಲ್ಲಿನಲ್ಲಿ ಬರುತ್ತಿದ್ದವನು, ಮರುದಿನ ಅದನ್ನು ಗೇಟಿನಲ್ಲೇ ಬಿಟ್ಟು ಸದ್ದಿಲ್ಲದೆ ಒಳಗೆ ಹೋದೆ. ಆತ ಬೆಚ್ಚಿಬಿದ್ದು ಪರದೆಗೆ ಅಡ್ಡ ನಿಂತ. ನಂತರ ಬೇರೆ ದಾರಿಯಿಲ್ಲದೆ ಪ್ರೋಗ್ರಾಂ ಮುಚ್ಚಿ ಫ್ಲಾಪಿ ತೆಗೆದ. ಆ ದಿನ ನನ್ನದು ಕೆಡಲಿಲ್ಲ. ಇನ್ನೊಂದು ದಿನ ಬೆಲ್ಲು ಬಾರಿಸುತ್ತ ಬಂದೆ. ಡ್ರೈವ್ ಖಾಲಿ. ಪರೀಕ್ಷೆಗೆಂದೇ ತಂದಿದ್ದ ನಕಲು ಡಿಸ್ಕ್ ಕೆಟ್ಟಿತು. ಆ ವರ್ಷ ನನ್ನ ಸೈಕಲ್ಲಿಗೆ ಬೆಲ್ಲು ಇತ್ತೇ ಎಂದು ಈಗ ಅನುಮಾನ. ಬೆಲ್ಲು ಹಾಕಿಸಿದ್ದು ಆಮೇಲೆ ಎಂದೂ ಅನಿಸುತ್ತದೆ. ಸಡಿಲ ಚೈನಿನ ಸದ್ದಾಗಿದ್ದರೂ ಇರಬಹುದು. ಖಾಲಿ ಡ್ರೈವ್ ಮಾತ್ರ ಕಣ್ಣಿಗೆ ಕಟ್ಟಿದೆ.

“ನಾ ಬರೂದು ಕೇಳದ ಕೂಡ್ಲೆ ಡಿಸ್ಕ್ ಎಂತಕ್ಕೆ ಕಿತ್ಕಂತ್ರಿ?” ಎಂದು ಕೇಳಿಯೇಬಿಟ್ಟೆ.

ಆತನ ಕಿವಿ ಕೆಂಪಾಯಿತು. “ನಮ್ಮ ತದಡಿಲಿ ಮೀನ್ ಬಿದ್ದ ಜಾಗ ಯಾರಾದ್ರೂ ತೋರಿಸ್ತ್ರಾ ಮಾರಾಯ್ರೆ? ಬೇರೆ ದೋಣಿ ಹತ್ರ ಬಂತು ಅಂದ್ರೆ ಬಲೆ ಎಳ್ಕಂಡು ಆಚೆ ಮುಖ ಮಾಡೂದು. ಅಪ್ಪ ಕಲ್ಸಿದ್ದೇ ಅದು.”

“ನಾನೆಂತ ದೋಣಿ?”

“ಧಾರವಾಡದ್ದು! ನಂಗೆ ಬೆರಳು ಓಡ್ತದೆ, ಅಷ್ಟೇಯ. ನೀವು ನನ್ನ ಪ್ರೋಗ್ರಾಂ ಮೇಲೆ ಒಂದ್ ಸಲ ಕಣ್ಣಾಡ್ಸದ್ರೆ ಎಂತಕ್ಕೆ ಬರ್ದದ್ದು ಅಂತನೂ ಹಿಡೀತ್ರಿ.”

ಅಂದರೆ ಇಷ್ಟು ದಿನ ಆತನಿಗೂ ನನ್ನ ಮೇಲೆ ಹೊಟ್ಟೆಕಿಚ್ಚು! ಅದನ್ನು ಕೇಳಿದಾಗ ಆದ ಖುಷಿ ಎಂ.ಎಸ್ಸಿ. ಪಾಸಾದಾಗಲೂ ಆಗಿರಲಿಲ್ಲ. ಆತ ನಿಜಕ್ಕೂ ಇಷ್ಟು ಹೇಳಿದ್ದನೇ, ಅಥವಾ ಹೇಳಲಿ ಎಂಬ ಆಸೆಗೆ ನಾನೇ ವರ್ಷವರ್ಷ ಒಂದೊಂದು ಮಾತು ಸೇರಿಸಿದ್ದೇನೆಯೇ, ಆಣೆ ಮಾಡಿ ಹೇಳಲಾರೆ.

ಪ್ರಿನ್ಸಿಪಾಲರ ಎದುರು ಅದೇ ಪರೀಕ್ಷೆಯನ್ನು ಮಾಡಿ ತೋರಿಸಿದೆ. “ಆತು, ಚಾವಿ ನಿಮ್ಗೇ,” ಎಂದರು. ಪ್ರೋಗ್ರಾಂ ಮುಚ್ಚದೆ ಫ್ಲಾಪಿ ತೆಗೆಯಕೂಡದು ಎಂದು ನಾನೇ ಬರೆದು ಬಾಗಿಲಿಗೆ ಅಂಟಿಸಿದೆ.

ಮರುದಿನ ನನ್ನದೇ ಚಾವಿಯಿಂದ ಬೀಗ ತೆಗೆದು, ಅಂಕಿಗಳನ್ನೆಲ್ಲ ಮತ್ತೆ ತುಂಬಿಸುತ್ತ ಕುಳಿತಿದ್ದೆ. ಓಣಿಯಲ್ಲಿ ಆತನ ಚಪ್ಪಲಿ ಸದ್ದು ಕೇಳಿತು. ಡಿಸ್ಕಿಗೆ ಬರೆಯುತ್ತಿದ್ದ ಡ್ರೈವಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ಫ್ಲಾಪಿ ಕಿತ್ತುಕೊಳ್ಳಲು ನನ್ನ ಕೈ ಆಗಲೇ ಡ್ರೈವಿನ ಚಿಲಕದ ಮೇಲಿತ್ತು.

“ಮಾಸ್ತರ್ರೆ,” ಎಂದ ಆತ, ಬಾಗಿಲಿಗೆ ಅಂಟಿಸಿದ್ದನ್ನು ಓದುತ್ತ, “ದೀಪ ಆರ್ಲಿ. ನಾ ಹೊರಗೇ ನಿಂತ್ಕಂತೆ.”