ಕೆಂಪು ಬೀಜದ ಸಾಹೇಬರು

ಬೀಜದ ಉಗ್ರಾಣದ ಸಾಹೇಬರ ಬಾಯಲ್ಲಿ ಇರುವುದು ಎರಡೇ ಮಾತು. "ನಮ್ಮ ಗೋಧಿ ನಾವೇ ಬೆಳೀಬೇಕು, ಹೊರದೇಶದ ಹಡಗಿನ ದಾರಿ ಕಾಯೋದು ಸಾಕು" ಅನ್ನುವುದು ಮೊದಲನೆಯದು. ಹುಳ ಹಿಡಿಯದಂತೆ ಕೆಂಪು ವಿಷ ಸವರಿದ ಬಿತ್ತನೆ ಬೀಜದ ಚೀಲ ಕೊಡುವಾಗ ಎರಡನೆಯದು: "ತೊಳೆದರೆ ಬಣ್ಣ ಹೋಗುತ್ತೆ ಕಣಮ್ಮಾ, ವಿಷ ಹೋಗಲ್ಲ!" ಚೀಲ ಹೊತ್ತವರ ಹಿಂದೆ ಗೇಟಿನ ತನಕ ಓಡಿ ಇದನ್ನೇ ಕೂಗುತ್ತಾರೆ, ಪಾರಿವಾಳಗಳಿಗೂ ಬುದ್ಧಿ ಹೇಳುತ್ತಾರೆಂದು ಹಮಾಲರು ನಗುತ್ತಾರೆ. "ಬಿಡಿ ಸಾರ್, ಬಿತ್ತನೆ ಬೀಜ ಯಾರಾದ್ರೂ ತಿಂತಾರಾ?" ಎಂದರೆ ಸಾಹೇಬರು ಮುಂದಿನ ಚೀಲದ ಹಿಂದೆ ಓಡುತ್ತಾರೆ. ಇವರು ಚಿಕ್ಕವರಿದ್ದಾಗ, ಹಡಗು ಬಾರದೇ ಹೋದ ವರ್ಷ, ತಾಯಿ ಅಂಥದೇ ಬೀಜವನ್ನು ನೀರು ತಿಳಿಯಾಗುವ ತನಕ ತೊಳೆದು ಬೇಯಿಸಿದ್ದಳು. ಹಸಿದು ಅಳುತ್ತಿದ್ದ ತಂಗಿಗೆ, ಅಣ್ಣನಲ್ಲವೇ, ಇವರು ತಮ್ಮ ಪಾಲನ್ನೂ ತಿನ್ನಿಸಿದ್ದರು.