ಖಾಡಿಯ ಹಸಿರು ಬೆರೆಸಿದ್ದು

"ಯೇ ಪೇಡ್ ಪ್ಲಾಸ್ಟಿಕ್ ಕಾ ಹೈ ಕ್ಯಾ?"

ನೆರೂಳದ ಜಲವರ್ಣ ತರಗತಿಯಲ್ಲಿ ನಾನು ಬಿಡಿಸಿದ ಮೊದಲ ಮರವನ್ನು ನೋಡಿ, ಇದು ಪ್ಲಾಸ್ಟಿಕ್ಕಿನದೇ ಎಂದು ಕೇಳಿದವರು ಕಲಿಸುವ ಶುಭದಾತಾಯಿ. ಸುತ್ತಲಿನ ಹೆಂಗಸರು ನಕ್ಕರು. ಹಿಂದಿ ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ಮರಾಠಿಯಲ್ಲಿ 'ತಾಯಿ' ಎಂದರೆ ಅಕ್ಕ ಎಂಬುದನ್ನಷ್ಟೇ ಕಲಿತಿದ್ದೆ.

ಗಂಡನಿಗೆ ತುರ್ಭೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಬ್ರಹ್ಮಾವರದ ಹತ್ತಿರದ ಊರಿನಿಂದ ನಾವು ಇಲ್ಲಿಗೆ ಬಂದಿದ್ದೆವು. ಊರಿನಲ್ಲಿ ಬಾಗಿಲು ತೆರೆದರೆ ಗದ್ದೆ. ಇಲ್ಲಿ ಕಿಟಕಿ ತೆರೆದರೆ ಎದುರು ಬಿಲ್ಡಿಂಗಿನ ಕಿಟಕಿ. ಗಂಡ ಕೆಲಸಕ್ಕೆ ಹೊರಟ ಮೇಲೆ ಸಂಜೆಯವರೆಗೆ ಮಾತಿಗೆ ಯಾರೂ ಇರಲಿಲ್ಲ. ಅದಕ್ಕೆಂದೇ ತರಗತಿಗೆ ಸೇರಿದ್ದು. ಅದನ್ನೂ ಬಿಟ್ಟರೆ ಮತ್ತೆ ಆ ಕಿಟಕಿಯೇ ಗತಿ. ಬಿಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ಟ್ಯೂಬ್‌ವಾಲಾ ಗ್ರೀನ್ ಛೋಡ್ ದೋ. ಖಾಡಿ ಪೇ ಬೈಠ್ ಕೇ ದೇಖೋ," ಎಂದರು ಶುಭದಾತಾಯಿ. ಟ್ಯೂಬಿನ ಹಸಿರು ಬಿಡು, ಖಾಡಿಯ ದಂಡೆಯಲ್ಲಿ ಕೂತು ನೋಡು ಎಂದು. ಖಾಡಿಯೆಂದರೆ ಸಮುದ್ರದ ಉಪ್ಪುನೀರು ಒಳಗೆ ಬಂದುಹೋಗುವ ಜಾಗ. ದಂಡೆಯುದ್ದಕ್ಕೂ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು. ಬಣ್ಣದ ಪೆಟ್ಟಿಗೆ ಹಿಡಿದು ದಿನವೂ ಬೆಳಿಗ್ಗೆ ಹೋದೆ. ನೀಲಿಗೆ ನಿಂಬೆಹಳದಿ ಬೆರೆಸಿದರೆ ಎಲೆ ತೀರಾ ಮಿಂಚುತ್ತಿತ್ತು. ಮಣ್ಣುಹಳದಿ ಬೆರೆಸಿದೆ; ಸ್ವಲ್ಪ ಹತ್ತಿರ ಬಂತು. ಎಷ್ಟೋ ಹಾಳೆ ಕೆಡಿಸಿದ ಮೇಲೆ, ಕುಂಚದ ತುದಿಯಿಂದ ಒಂದಿಷ್ಟು ಇಟ್ಟಿಗೆಗೆಂಪು ತಾಗಿಸಿದೆ. ಹಸಿರಿನ ಹೊಳಪು ಇಳಿಯಿತು. ಉಪ್ಪು, ಕೆಸರು, ರಸ್ತೆಯ ಹೊಗೆ ಎಲ್ಲ ಕುಡಿದು ನಿಂತ ಆ ಎಲೆಯೇ ಹಾಳೆಯ ಮೇಲೆ ಬಂತು.

ವಾಕಿಂಗಿಗೆ ಬಂದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ಆಪಲೀ ಖಾಡೀ," ಎಂದರು. ಕೇಳುವವರನ್ನೂ ಸೇರಿಸಿಕೊಂಡು ಹೇಳುವ 'ನಮ್ಮ' ಅದು. ಆ ದಿನ ಮನೆಗೆ ನಡೆದು ಬರುವಾಗ ದಾರಿ ಪರಕೀಯ ಅನ್ನಿಸಲಿಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ, ಜಗಲಿಯಲ್ಲಿ ಕೂತು ನಾಟಿಯಾದ ಗದ್ದೆ ಬಿಡಿಸಿದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

"ಇದೆಂತ ಮಾರಾಯ್ತಿ, ನಮ್ ಗದ್ದೆಗ್ ಧೂಳ್ ಬಿದ್ದ್ ಹಾಂಗ್ ಕಾಣತ್ತಲೆ?"

ಅಮ್ಮ ಹೇಳಿದ್ದು ಸರಿ. ನನಗೆ ಗೊತ್ತಾಗದೆಯೇ ಕೈ ಇಟ್ಟಿಗೆಗೆಂಪು ಬೆರೆಸಿಬಿಟ್ಟಿತ್ತು. ಹುಟ್ಟಿದಾಗಿನಿಂದ ನೋಡಿದ ಹಸಿರು ನನ್ನ ಕೈಗೆ ಬರುತ್ತಿರಲಿಲ್ಲ. ಬಣ್ಣ ಬೆರೆಸುವ ತಟ್ಟೆ ತೊಳೆದು ಹೊಸ ಹಾಳೆ ತೆಗೆದೆ.

"ನಿಮ್ಮೂರಿಗ್ ಯಾವಾಗ ಹೊರಡುದ್?" ಅಮ್ಮ ಒಳಹೋಗುತ್ತ ಕೇಳಿದರು. ನಿಮ್ಮೂರು ಎಂದದ್ದು ನೆರೂಳವನ್ನು.

"ಈ ಹಸ್ರ್ ಸಮಾ ಬಂದ್ ಮೇಲೆ," ಎಂದೆ.