ಚೌಕಾಬಾರದ ನಡುವೆ ಅಕ್ಕ ಹೇಳಿದ್ದು

ನಮ್ಮ ಮನೆಯ ಚೌಕಾಬಾರಕ್ಕೆ ಬೇರೆ ಯಾವ ಮನೆಯಲ್ಲೂ ಇಲ್ಲದ ಒಂದು ನಿಯಮವಿತ್ತು. ಆಟಕ್ಕೆ ಕುಳಿತವರು ಮನೆಯ ತಾಪತ್ರಯದ ಮಾತೆತ್ತಿದರೆ ಅವರ ಒಂದು ಸರದಿ ಹೋಗುತ್ತಿತ್ತು. ಅದು ತಾತ ಮಾಡಿದ ನಿಯಮ. ಅವನೂ ಅವನ ತಮ್ಮನೂ ಹೊಲದ ಬದುವಿನ ಜಗಳವನ್ನು ಆಟದ ನಡುವೆ ತಂದು, ಒಮ್ಮೆ ಕವಡೆಗಳನ್ನು ಬೀದಿಗೆಸೆದು ಎದ್ದುಹೋಗಿದ್ದರಂತೆ. ತಾತ ಸತ್ತ ಮೇಲೂ ಅಜ್ಜಿ ಆ ನಿಯಮವನ್ನು ಬಿಡಲಿಲ್ಲ. ಚಿಕ್ಕಂದಿನಲ್ಲಿ ನನಗದು ಹೆಮ್ಮೆಯ ವಿಷಯವಾಗಿತ್ತು. ಇಡೀ ಬಂಡಳ್ಳಿಯಲ್ಲಿ ಜಗಳವಿಲ್ಲದೆ ಆಡುವ ಮನೆ ನಮ್ಮದೊಂದೇ ಎಂದು ನಂಬಿದ್ದೆ. ಜಗಳವಿಲ್ಲದಿರುವುದಕ್ಕೂ ಜಗಳವನ್ನು ಬಾಯಲ್ಲೇ ಅದುಮಿಡುವುದಕ್ಕೂ ಇರುವ ಅಂತರ ಆಗ ತಿಳಿದಿರಲಿಲ್ಲ.

ಅಕ್ಕನನ್ನು ಯಳಂದೂರಿನಾಚೆಯ ಒಂದು ಊರಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ, ಕಬ್ಬು ಸಾಗಿಸುವ ಕಾಲ ಮುಗಿದು ಅಪ್ಪನ ಟ್ರ್ಯಾಕ್ಟರ್ ಮನೆಯ ಮುಂದೆ ನಿಂತಿದ್ದ ದಿನಗಳಲ್ಲಿ, ಅವಳು ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಒಬ್ಬಳೇ ಬಂದಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಹಾಗೆ ಬಂದ ಮಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ. ಅದನ್ನು ಯಾರೂ ಕೇಳಲಿಲ್ಲ. ಅವ್ವ ಅನ್ನಕ್ಕಿಟ್ಟಳು. ಅಪ್ಪ ಅಂಗಳಕ್ಕೆ ಹೋಗಿ ಬಾವನಿಗೆ ಫೋನು ಮಾಡಿದ. “ಇಲ್ಲೇ ಅವಳೆ. ನಾಕು ದಿನ ಇದ್ದು ಬತ್ತಾಳೆ, ಬುಡಿ.”

ಊಟವಾದ ಮೇಲೆ ಅಜ್ಜಿ ಕವಡೆ ತಂದಳು. “ಬಾ ಮಗ, ಕೂತ್ಕ. ಮನ್ಸು ಅಗುರಾಯ್ತದೆ.” ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಗೀಚಿ, ಅಪ್ಪ, ಅಜ್ಜಿ, ಅಕ್ಕ, ನಾನು ನಾಲ್ಕು ದಿಕ್ಕಿಗೆ ಕುಳಿತೆವು. ಅವ್ವ ಬಾಗಿಲಿಗೊರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಕ್ಕನಿಗೆ ಚೌಕ ಬಿತ್ತು. ಅವಳು ಕಾಯಿ ನಡೆಸದೆ ಅಪ್ಪನ ಮುಖ ನೋಡಿದಳು.

“ಅಪ್ಪ, ನಾ ಇನ್ ಆ ಮನ್ಗೆ ಓಗಕಿಲ್ಲ. ಒಡೀತನೆ.”

“ಆಟ್ದಲ್ಲಿ ಆ ಮಾತು ಬ್ಯಾಡ ಕಣವ್ವ. ಸರದಿ ಓಯ್ತು,” ಎಂದಳು ಅಜ್ಜಿ.

“ಚೌಕ ಬಿದ್ರೂ ನಡ್ಸಕಾಗ್ನಿಲ್ವಲ್ಲಮ್ಮಿ ನಿಂಗೆ,” ಎಂದು ಅಪ್ಪ ನಕ್ಕ. ನಾವೂ ನಕ್ಕೆವು. ಅಕ್ಕ ಕವಡೆಗಳನ್ನು ಪಕ್ಕಕ್ಕೆ ದಾಟಿಸಿದಳು.

ಮರುದಿನ ಮತ್ತೆ ಆಟ. ಅತ್ತೆ ತನ್ನನ್ನು ಒಳಗೆ ಕೂಡಿ ಬಾಗಿಲು ಹಾಕಿಕೊಂಡು ಹೋಗುತ್ತಾಳೆ ಎಂದು ಅಕ್ಕ ಶುರುಮಾಡುವಷ್ಟರಲ್ಲಿ ಅಪ್ಪನೇ ಅವಳ ಸರದಿ ಕಳೆದ. ಅಷ್ಟೂ ದಿನ ಹೊತ್ತು ಮುಳುಗುವವರೆಗೂ ನಾವು ಅವಳನ್ನು ಏಳಲು ಬಿಡಲಿಲ್ಲ. ಒಂದಾಟ ಮುಗಿದರೆ ಇನ್ನೊಂದು. ನೋಡಿದವರಿಗೆ ಅದು ತವರಿಗೆ ಬಂದ ಮಗಳ ಮೇಲಿನ ಅಕ್ಕರೆಯಂತೆ ಕಂಡಿರಬೇಕು.

ಮೂರನೆಯ ದಿನ ಅವಳ ಬಾಯಿ ಮುಚ್ಚಿಸಿದವಳು ನಾನು. ಆಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಹೆಣ್ಣಿನ ಮೇಲಿನ ಕೌಟುಂಬಿಕ ಹಿಂಸೆಯ ಕುರಿತು ಪ್ರಬಂಧ ಮಂಡಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ರಜೆಗೆ ಬಂದಿದ್ದೆ. ಗೆಲ್ಲಲು ನನಗೆ ಎರಡು ಬೀಳಬೇಕಿತ್ತು. ಅಕ್ಕ ನನ್ನ ಮೊಣಕೈ ಮುಟ್ಟಿ, “ನೀನಾರ ಕೇಳಮ್ಮಿ,” ಎಂದಳು.

“ಸರದಿ ಓಯ್ತದೆ ಕಣಕ್ಕ. ಆಮೇಲೆ ಮಾತಾಡಣ.”

ನನಗೆ ಎರಡು ಬಿತ್ತು. ಗೆದ್ದೆ. ಆಮೇಲೆ ನಾವು ಮಾತಾಡಲಿಲ್ಲ.

ಐದನೆಯ ದಿನ ಬಾವ ಇಬ್ಬರು ಹಿರಿಯರೊಂದಿಗೆ ಬಂದ. ಅವ್ವ ಒದ್ದೆ ಬಟ್ಟೆಯಿಂದ ಜಗಲಿ ಒರೆಸಿ ಚಾಪೆ ಹಾಸಿದಳು. ಟೀ ಕುಡಿದು ಅವರು ಒಳ್ಳೆಯ ಮಾತನ್ನೇ ಆಡಿದರು. “ಒಂದ್ಕಂಡು ಓಗ್ಬೇಕು ಕಣವ್ವ,” ಎಂದ ಅಪ್ಪ. ಅಕ್ಕ ಹೊಸ ಸೀರೆಯುಟ್ಟು ಬಾವನ ಬೈಕು ಹತ್ತಿದಳು. ಯಾರ ಮುಖವನ್ನೂ ನೋಡಲಿಲ್ಲ.

ಗೌರಿಹಬ್ಬಕ್ಕೆ ಮುಂಚೆ, ತಾರಸಿಯ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ ಅವಳನ್ನು ಅಕ್ಕಪಕ್ಕದವರು ಆಸ್ಪತ್ರೆಗೆ ಸೇರಿಸಿದರು. ಸೊಂಟದ ಮೂಳೆ ಮುರಿದಿತ್ತು. ಕಾಲು ಜಾರಿತು ಎಂದು ಬಾವನ ಮನೆಯವರು ಹೇಳಿದರು. ತಳ್ಳಿದರು ಎಂದು ಅಕ್ಕ ಹೇಳಿದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಅಪ್ಪ ಬಂದ ನೆಂಟರಿಗೆಲ್ಲ ಒಂದೇ ಮಾತು ಒಪ್ಪಿಸುತ್ತಿದ್ದ: “ಒಂದ್ ದಿನ್ವೂ ಬಾಯ್ಬುಡ್ನಿಲ್ಲ ಕಣ್ರಿ. ಗೊತ್ತಿದ್ರೆ ಕಳುಸ್ತಿದ್ವಾ?” ಅಜ್ಜಿ ತಲೆದೂಗುತ್ತಿದ್ದಳು. ಅವರು ನಟಿಸುತ್ತಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಂಗೆಡಿಸುತ್ತದೆ. ಆಟದ ನಡುವೆ ಆಡಿದ್ದು ಅವರ ಪಾಲಿಗೆ ಮಾತೇ ಆಗಿರಲಿಲ್ಲ. ಆದರೆ ಇದಕ್ಕೆ ಮರೆವು ಎಂಬ ಮೆತ್ತನೆಯ ಹೆಸರು ಕೊಡಲು ನಾನು ಸಿದ್ಧಳಿಲ್ಲ. ಕೇಳಿಸಿಕೊಂಡವರು ಕೇಳಿಸಿಕೊಂಡಿದ್ದಕ್ಕೆ ಹೊಣೆ.

ಹೇಳಿಕೆ ಬರೆದುಕೊಳ್ಳಲು ಬಂದ ಮಹಿಳಾ ಪೊಲೀಸ್ ಕೇಳಿದರು: “ಇದಕ್ಕೆ ಮುಂಚೆ ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡಿದ್ರಾ?”

“ಇಲ್ಲ ಮೇಡಂ,” ಎಂದ ಅಪ್ಪ. ಆ ‘ಇಲ್ಲ’ ಹಾಗೆಯೇ ಉಳಿದರೆ ಕಾಲು ಜಾರಿತೆಂಬ ಕತೆಯೇ ಗೆಲ್ಲುತ್ತಿತ್ತು.

“ಹೇಳಿದ್ಲು,” ಎಂದೆ. “ಮೂರು ಸಲ. ಎಲ್ಲ ಗೊತ್ತಿದ್ದೇ ಕಳಿಸಿದ್ವಿ.”

“ಮನೆ ಮಾನ ಕಳೀಬ್ಯಾಡ ಕಣಮ್ಮಿ,” ಎಂದ ಅಪ್ಪ, ತಗ್ಗಿದ ದನಿಯಲ್ಲಿ.

ಪೊಲೀಸ್ ನನ್ನತ್ತ ತಿರುಗಿದರು. “ನೀವು ಅಲ್ಲೇ ಇದ್ರಾ? ಏನ್ ಮಾಡಿದ್ರಿ?”

“ಸುಮ್ನಿರು ಅಂದೆ. ಅದನ್ನೂ ಬರ್ಕೊಳ್ಳಿ.”

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ಅಪ್ಪ ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಈಗ ಅಕ್ಕ ಕೊಳ್ಳೇಗಾಲದ ನನ್ನ ಬಾಡಿಗೆ ಕೋಣೆಯಲ್ಲಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸೆಂದು ನಾನು ಕೇಳಿಯೂ ಇಲ್ಲ. ಹೋದ ವಾರ ಆ ಹೇಳಿಕೆಯ ಪ್ರತಿ ಕೈಗೆ ಬಂತು. ಓದೆಂದಳು. ‘ಮೂರು ಸಲ’ ಎಂಬಲ್ಲಿಗೆ ಬಂದಾಗ ತಡೆದಳು.

“ನಾಕು ಕಣಮ್ಮಿ. ನಾಕ್ನೇ ದಿನ ಹಿತ್ಲಲ್ಲಿ ಅವ್ವಂಗೆ ಬೆನ್ನು ತೋರುಸ್ದೆ. ಆಗ ಆಟ ಇರ್ನಿಲ್ಲ, ಯಾರೂ ಇರ್ನಿಲ್ಲ. ರವಿಕೆ ಎಳ್ದು ಮುಚ್ಚುದ್ಲು. ನಿಮ್ಮಪ್ಪಂಗೆ ಗೊತ್ತಾಗ್ಬಾರ್ದು ಅಂದ್ಲು.”

ಅಕ್ಕನ ಕೇಸಿನ ವಕೀಲರನ್ನು ಕೇಳಿದೆ. ಅಕ್ಕನ ಮಾತೊಂದೇ ಸಾಲದು, ಕಣ್ಣಾರೆ ಕಂಡ ಅವ್ವನೇ ಕಟಕಟೆಗೆ ಬಂದು ಹೇಳಬೇಕು ಎಂದರು. ನಾಳೆ ಬೆಳಗಿನ ಬಸ್ಸಿಗೆ ಬಂಡಳ್ಳಿಗೆ ಹೋಗುತ್ತಿದ್ದೇನೆ, ಅವಳನ್ನು ಕರೆಯಲು.